ಮರಳುಗಾಡಿನ ಕಥೆಗಳಲ್ಲಿ ನೀರಿನ ಲೆಕ್ಕ

ಕಾಮಿಕ್ಸ್ ಇರಲಿ, ವಿಜ್ಞಾನ ಕಥೆಯ ಸಿನಿಮಾ ಇರಲಿ, ವಿಡಿಯೋ ಗೇಮ್ ಇರಲಿ, ಅದರಲ್ಲಿ ಮರಳುಗಾಡು ಬಂತೆಂದರೆ ನಾನು ಮೊದಲು ಗಮನಿಸುವುದು ಅಲ್ಲಿನ ಜನ ನೀರನ್ನು ಹೇಗೆ ಬಳಸುತ್ತಾರೆ, ಮಧ್ಯಾಹ್ನವನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು. ಕಲಬುರಗಿಯಲ್ಲಿ ಹುಟ್ಟಿ ಬೆಳೆದವಳಿಗೆ ಈ ಅಳತೆ ತಾನಾಗಿಯೇ ಬರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಉಷ್ಣಾಂಶ 42, 43 ಡಿಗ್ರಿ ಮುಟ್ಟಿದ ದಿನಗಳಲ್ಲಿ ಊರು ಎರಡು ತುಂಡಾಗಿ ಬದುಕುತ್ತದೆ: ಬೆಳಗಿನದೊಂದು, ಹೊತ್ತು ಇಳಿದ ಮೇಲಿನದೊಂದು. ನಡುವಿನ ಹೊತ್ತಿನಲ್ಲಿ ಓಡಾಡಲೇಬೇಕಾದವರು ತಲೆಗೆ ಟವೆಲ್ ಸುತ್ತಿಕೊಂಡು, ರಸ್ತೆಯ ಯಾವ ಬದಿಯಲ್ಲಿ ನೆರಳಿದೆಯೋ ಆ ಬದಿಯನ್ನೇ ಹಿಡಿದು ಹೋಗುತ್ತಾರೆ. ಬಿಸಿಲು ಹೀಗೆ ಗಡಿಯಾರವನ್ನೂ ದಾರಿಯನ್ನೂ ಉಡುಪನ್ನೂ ತಿದ್ದುತ್ತದೆ. ಕಲ್ಪಿತ ಲೋಕವೊಂದರಲ್ಲಿ ಈ ತಿದ್ದುಪಡಿ ಕಾಣದಿದ್ದರೆ, ಅದರ ಚಿತ್ರಗಳು ಎಷ್ಟೇ ಭವ್ಯವಾಗಿರಲಿ, ನನ್ನ ಮನಸ್ಸು ಅದರೊಳಗೆ ಇಳಿಯುವುದಿಲ್ಲ.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುವ ಕೃತಿ, ನನ್ನ ಅಭಿಪ್ರಾಯದಲ್ಲಿ, ಅಕಿರಾ ತೊರಿಯಾಮಾ ಅವರ ‘ಸ್ಯಾಂಡ್ ಲ್ಯಾಂಡ್’. ‘ಡ್ರ್ಯಾಗನ್ ಬಾಲ್’ ಮುಗಿಸಿದ ಕೆಲವು ವರ್ಷಗಳ ನಂತರ, 2000ದಲ್ಲಿ, ಅವರು ಬರೆದ ಒಂದೇ ಸಂಪುಟದ ಸಣ್ಣ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಇದು. ನಾಡಿನ ನದಿ ಬತ್ತಿಹೋಗಿದೆ. ರಾಜ ನೀರನ್ನು ದುಬಾರಿ ಬೆಲೆಗೆ ಮಾರಿಕೊಂಡು ಬದುಕಿದ್ದಾನೆ. ರಾವೋ ಎಂಬ ವಯಸ್ಸಾದ ಷರೀಫ್, ಬೀಲ್ಜೆಬಬ್ ಎಂಬ ರಾಕ್ಷಸ ರಾಜಕುಮಾರ ಮತ್ತು ಥೀಫ್ ಎಂಬ ಮುದುಕ ಸೇರಿ ನೀರಿನ ಸೆಲೆ ಹುಡುಕಿಕೊಂಡು ಹೊರಡುತ್ತಾರೆ. ಕಥೆ ಕೇಳಲು ಮಕ್ಕಳ ಸಾಹಸದಂತಿದ್ದರೂ ಅದರ ಒಳಗಿನ ಪ್ರಶ್ನೆ ಬಹಳ ಗಟ್ಟಿಯಾದುದು. ನದಿ ತಾನಾಗಿ ಬತ್ತಿದ್ದಲ್ಲ, ಮೇಲ್ಭಾಗದಲ್ಲಿ ಯಾರೋ ಅದನ್ನು ಕಟ್ಟಿ ನಿಲ್ಲಿಸಿದ್ದಾರೆ ಎಂಬುದು ತಿಳಿಯುವ ಹೊತ್ತಿಗೆ, ಬರಗಾಲವೆಂದು ಜನ ಸಹಿಸಿಕೊಂಡು ಬಂದದ್ದು ಒಬ್ಬ ಸೇನಾಧಿಪತಿಯ ತೀರ್ಮಾನವಾಗಿತ್ತು ಎಂಬುದು ಹೊರಬೀಳುತ್ತದೆ. ಭೀಮೆಯ ನೀರು ಬೇಸಿಗೆಯಲ್ಲಿ ಎಲ್ಲಿಯವರೆಗೆ ಬಂತು, ಮೇಲಿನ ಅಣೆಕಟ್ಟಿನಿಂದ ಎಷ್ಟು ಬಿಟ್ಟರು ಎಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುವ ನಮ್ಮ ಭಾಗದವರಿಗೆ ಈ ತಿರುವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸ್ಯಾಂಡ್ ಲ್ಯಾಂಡನ್ನು ನಾನು ಮೇಲೆ ಇಡುವುದಕ್ಕೆ ಇನ್ನೊಂದು ಕಾರಣ ಅದರ ಚಿತ್ರಗಾರಿಕೆ. ಕಪ್ಪು ಬಿಳುಪಿನ ಮಂಗಾದಲ್ಲಿ ಮರಳು ಎಂದರೆ ಬರೆಯದೆ ಬಿಟ್ಟ ಕಾಗದ. ತೊರಿಯಾಮಾ ಯುದ್ಧ ಟ್ಯಾಂಕಿನ ಒಂದೊಂದು ಚಕ್ರವನ್ನೂ ಬೋಲ್ಟನ್ನೂ ತುಂಬು ಅಕ್ಕರೆಯಿಂದ ಬರೆಯುತ್ತಾರೆ, ಅದರ ಸುತ್ತಲಿನ ನೆಲವನ್ನು ಬಹುಪಾಲು ಖಾಲಿ ಬಿಡುತ್ತಾರೆ. ಆ ಖಾಲಿ ಬಿಳುಪಿನಲ್ಲಿ ನನಗೆ ನಿಜವಾದ ಬಿಸಿಲು ಕಾಣುತ್ತದೆ. ಹಾಲಿವುಡ್‌ನಲ್ಲಿ ಮರಳುಗಾಡು ಬಂತೆಂದರೆ ಪರದೆ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ; ಆದರೆ ಮೇ ತಿಂಗಳ ನಡುಮಧ್ಯಾಹ್ನ ಕಲಬುರಗಿಯ ಆಕಾಶ ಕಿತ್ತಳೆಯಾಗಿರುವುದಿಲ್ಲ, ನೀಲಿಯಾಗಿಯೂ ಇರುವುದಿಲ್ಲ. ಅದು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿರುತ್ತದೆ, ಕಣ್ಣು ಕಿರಿದು ಮಾಡದೆ ಮೇಲೆ ನೋಡಲು ಆಗುವುದಿಲ್ಲ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದ ಕಪ್ಪು ಬಿಳುಪಿನ ಆವೃತ್ತಿಯನ್ನು ನಿರ್ದೇಶಕ ಜಾರ್ಜ್ ಮಿಲ್ಲರ್ 2016ರಲ್ಲಿ ಹೊರತಂದಾಗ, ಬಣ್ಣದ ಚಿತ್ರಕ್ಕಿಂತ ಅದೇ ನನಗೆ ಹೆಚ್ಚು ಸುಡುವಂತೆ ಕಂಡಿತು. ತಮಗೂ ಆ ಆವೃತ್ತಿಯೇ ಉತ್ತಮವೆಂದು ಮಿಲ್ಲರ್ ಹೇಳಿದ್ದಾರೆ, ಮತ್ತು ಅವರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಸ್ಯಾಂಡ್ ಲ್ಯಾಂಡ್ 2023ರಲ್ಲಿ ಆನಿಮೇಷನ್ ಚಿತ್ರವಾಯಿತು, 2024ರ ಏಪ್ರಿಲ್‌ನಲ್ಲಿ ಗೇಮ್ ಆಯಿತು. ಗೇಮ್ ಬಿಡುಗಡೆಗೆ ಕೆಲವೇ ವಾರ ಮೊದಲು ತೊರಿಯಾಮಾ ತೀರಿಕೊಂಡರು. ಒಂದೇ ಕಥೆ ಮೂರು ಮಾಧ್ಯಮಗಳಲ್ಲಿ ಸಿಕ್ಕಿರುವುದರಿಂದ ಹೋಲಿಸಿ ನೋಡುವುದು ಸುಲಭ. ಚಿತ್ರ ಮೂಲಕ್ಕೆ ನಿಷ್ಠವಾಗಿದೆ, ಟ್ಯಾಂಕುಗಳ ಕಾಳಗ ಕಣ್ಣಿಗೆ ಹಬ್ಬ. ಗೇಮ್ ಆಡುವುದಕ್ಕೂ ಸೊಗಸಾಗಿದೆ. ನನ್ನ ಕಾಕಾನ ಮಗನ ಕಂಪ್ಯೂಟರಿನಲ್ಲಿ ಆಡುವಾಗ ಟ್ಯಾಂಕಿನ ಭಾಗಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಇಬ್ಬರೂ ಮೈಮರೆತಿದ್ದೇವೆ. ಆದರೆ ನೀರಿಲ್ಲದ ನಾಡಿನ ಕಥೆಯಲ್ಲಿ ಆಟಗಾರನಿಗೆ ನೀರಡಿಕೆಯೇ ಆಗುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಬಯಲಿನಲ್ಲಿ ತಿರುಗಬಹುದು. ಮಂಗಾದಲ್ಲಿ ಪ್ರತಿ ಪುಟವನ್ನೂ ಹಿಡಿದಿಟ್ಟಿದ್ದ ಆತಂಕ ಇಲ್ಲಿ ಪಾತ್ರಗಳ ಮಾತಿನಲ್ಲಷ್ಟೇ ಉಳಿದಿದೆ. ಇದು ಆ ಗೇಮಿನ ದೊಡ್ಡ ಕೊರತೆ ಎಂದೇ ನನ್ನ ತೀರ್ಮಾನ.

ಈಗ ‘ಡ್ಯೂನ್’ ವಿಷಯ. ಫ್ರ್ಯಾಂಕ್ ಹರ್ಬರ್ಟ್ ಅವರ 1965ರ ಕಾದಂಬರಿಯನ್ನು ಆಧರಿಸಿ ಡೆನಿ ವಿಲ್ನವ್ ಮಾಡಿದ ಎರಡು ಚಿತ್ರಗಳು 2021 ಮತ್ತು 2024ರಲ್ಲಿ ಬಂದವು. ಮೊದಲ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಹಾ ಹುಳುವಿನ ದೃಶ್ಯವಲ್ಲ. ಮರಳುಗಾಡಿನ ಗ್ರಹದ ನಿವಾಸಿಗಳಾದ ಫ್ರೆಮೆನ್ ಜನರ ನಾಯಕ ಸ್ಟಿಲ್ಗರ್ ಅರಮನೆಗೆ ಬಂದು, ಗ್ರಹವನ್ನು ಆಳಲು ಹೊಸದಾಗಿ ಬಂದ ಡ್ಯೂಕ್‌ನ ಎದುರಿನ ಮೇಜಿನ ಮೇಲೆ ಉಗುಳುತ್ತಾನೆ. ಕಾವಲಿನವರು ಕತ್ತಿಗೆ ಕೈ ಹಾಕುವಷ್ಟರಲ್ಲಿ, ಆ ಜನರ ನಡುವೆ ಇದ್ದು ಬಂದ ಡ್ಯೂಕ್‌ನ ಯೋಧ ಡಂಕನ್ ಐಡಾಹೊ ತಡೆದು, ತನ್ನ ಮೈಯ ತೇವವನ್ನು ಕೊಟ್ಟದ್ದಕ್ಕಾಗಿ ಸ್ಟಿಲ್ಗರ್‌ಗೆ ಕೃತಜ್ಞತೆ ಹೇಳಿ ತಾನೂ ಉಗುಳುತ್ತಾನೆ. ನೀರಿನ ಕೊರತೆ ಒಂದು ಸಮಾಜದ ಶಿಷ್ಟಾಚಾರದೊಳಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ದೃಶ್ಯ ನನಗೆ ನೆನಪಿಲ್ಲ. ಮನೆಗೆ ಬಂದವರಿಗೆ ಹೆಸರು ಕೇಳುವ ಮೊದಲೇ ತಂಬಿಗೆ ನೀರು ಕೊಡುವ ನಮ್ಮ ಹಳ್ಳಿಗಳ ಪದ್ಧತಿಯೂ ಅಂಥದೇ ಬಿಸಿಲಿನಿಂದ ಹುಟ್ಟಿದ್ದು. ಆ ಲೋಕ ನನಗೆ ಕೂಡಲೇ ಅರ್ಥವಾದದ್ದು ಅದಕ್ಕಾಗಿಯೇ ಇರಬೇಕು.

ಫ್ರೆಮೆನ್ ತೊಡುವ ‘ಸ್ಟಿಲ್‌ಸೂಟ್’ ಬಗ್ಗೆ ಮಾತ್ರ ವಿಜ್ಞಾನದ ತಕರಾರು ಇದೆ. ಬೆವರನ್ನೂ ಉಸಿರಿನ ತೇವವನ್ನೂ ಹಿಡಿದು ಮತ್ತೆ ಕುಡಿಯುವ ನೀರಾಗಿಸುವ ಉಡುಪು ಅದು. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದು ಸ್ವಲ್ಪ ನೀರು ಹೊರಗೆ ಜಿನುಗಿ, ಆವಿಯಾಗಿ, ಶಾಖವನ್ನು ತನ್ನೊಂದಿಗೆ ಒಯ್ಯುವುದರಿಂದ. ಮೈ ತಣಿಯುವ ವಿಧಾನವೂ ಅದೇ. ಆ ಆವಿಯನ್ನು ಉಡುಪಿನೊಳಗೇ ಹಿಡಿದು ಮತ್ತೆ ನೀರು ಮಾಡಿದರೆ, ಅದು ಒಯ್ದ ಶಾಖವೂ ಅಲ್ಲಿಯೇ ಬಿಡುಗಡೆಯಾಗುತ್ತದೆ. ಅದನ್ನು ಹೊರಹಾಕುವ ದಾರಿಯಿಲ್ಲದಿದ್ದರೆ ತೊಟ್ಟವನು ಬೆಂದುಹೋಗುತ್ತಾನೆ. ಇಷ್ಟು ತಿಳಿದೂ ನಾನು ಸ್ಟಿಲ್‌ಸೂಟನ್ನು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಅದನ್ನು ತೊಟ್ಟವರ ನಡವಳಿಕೆ ಆ ಉಡುಪಿನ ತರ್ಕಕ್ಕೆ ಬದ್ಧವಾಗಿದೆ. ನೀರು ಉಳಿಸುವುದೇ ಧರ್ಮವಾದ ಆ ಸಮಾಜದಲ್ಲಿ ಸತ್ತವರ ದೇಹದ ನೀರೂ ಸಮುದಾಯಕ್ಕೆ ಸೇರುತ್ತದೆ. ಎರಡನೇ ಚಿತ್ರದಲ್ಲಿ ಹಾಗೆ ಕೂಡಿಟ್ಟ ನೀರಿನ ಕೊಳದ ಮುಂದೆ ನಿಂತ ಜನರಲ್ಲಿ, ಎಷ್ಟೇ ಬಾಯಾರಿದ್ದರೂ, ಯಾರೂ ಅದಕ್ಕೆ ಕೈಯಿಡುವುದಿಲ್ಲ.

ಹರ್ಬರ್ಟ್ ಅವರ ಕಾದಂಬರಿಯ ಇನ್ನೊಂದು ವಿವರವನ್ನು ಮಾತ್ರ ಬೀದರಿನ ನೆರೆಯವಳಾಗಿ ನಾನು ಒಪ್ಪಲಾರೆ. ಅದರಲ್ಲಿ ಮರಳುಗಾಡಿನ ನಡುವೆ ನೀರು ಹರಿಸುವ ‘ಕನಾತ್’ ಬರುತ್ತದೆ, ಮತ್ತು ಕಾದಂಬರಿಯ ಪದಕೋಶ ಅದನ್ನು ತೆರೆದ ಕಾಲುವೆಯೆಂದು ವಿವರಿಸುತ್ತದೆ. ಪರ್ಷಿಯಾದ ನಿಜವಾದ ಕನಾತ್ ನೆಲದಡಿಯ ಸುರಂಗ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದ ಕಾಲದ ಅಂಥದೇ ವ್ಯವಸ್ಥೆ ಬೀದರಿನ ನೌಬಾದಿನಲ್ಲಿ ಇಂದಿಗೂ ಇದೆ; ಅಲ್ಲಿ ಅದಕ್ಕೆ ಕಾರೇಜ್ ಅಥವಾ ಸುರಂಗ ಬಾವಿ ಎನ್ನುತ್ತಾರೆ. ಎತ್ತರದ ಜಾಗದಲ್ಲಿ ತಾಯಿ ಬಾವಿ ತೋಡಿ, ಅಲ್ಲಿಂದ ಕೆಂಪು ಜಂಬಿಟ್ಟಿಗೆಯೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೂ ಮಣ್ಣು ಎತ್ತುವುದಕ್ಕೂ ಕಿಂಡಿ ಬಾವಿಗಳನ್ನು ಬಿಟ್ಟಿದ್ದಾರೆ. ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ ನೀರು ಹರಿಯುತ್ತದೆ, ಮತ್ತು ನೆಲದಡಿಯಲ್ಲಿ ಇರುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದಿಲ್ಲ. ಹನಿ ಬೆವರನ್ನೂ ಬಿಡದ ಜನ ನೀರನ್ನು ತೆರೆದ ಕಾಲುವೆಯಲ್ಲಿ ಹರಿಯಬಿಡುವುದು ಆ ಲೋಕದ ತರ್ಕಕ್ಕೇ ಹೊಂದುವುದಿಲ್ಲ. ಹರ್ಬರ್ಟ್ ಮರುಭೂಮಿಯ ಪರಿಸರವನ್ನು ಅಷ್ಟು ಶ್ರದ್ಧೆಯಿಂದ ಓದಿಕೊಂಡಿದ್ದ ಲೇಖಕರಾದ್ದರಿಂದಲೇ ಈ ತೊಡಕು ನನ್ನನ್ನು ಇಷ್ಟು ಕಾಡುತ್ತದೆ.

2015ರ ‘ಫ್ಯೂರಿ ರೋಡ್’ ನೀರನ್ನು ಬೇರೆ ದಿಕ್ಕಿನಿಂದ ನೋಡುತ್ತದೆ. ಇಮ್ಮಾರ್ಟನ್ ಜೋ ಎಂಬ ದೊರೆ ಬಂಡೆಯ ಮೇಲಿನಿಂದ ದೊಡ್ಡ ಕೊಳವೆಗಳನ್ನು ತೆರೆಯುತ್ತಾನೆ. ಕೆಳಗೆ ಪಾತ್ರೆ ಹಿಡಿದ ಜನಸಾಗರದ ಮೇಲೆ ನೀರು ಧುಮ್ಮಿಕ್ಕಿ, ಬಹುಪಾಲು ಮಣ್ಣಿಗೇ ಸೇರುತ್ತದೆ. ಕ್ಷಣದಲ್ಲೇ ಕೊಳವೆ ಮುಚ್ಚಿ, ನೀರಿನ ಚಟ ಹತ್ತಿಸಿಕೊಳ್ಳಬೇಡಿರೆಂದು ಜನರಿಗೆ ಬುದ್ಧಿ ಹೇಳುತ್ತಾನೆ. ನಲ್ಲಿಯಿಂದ ಕೊಡಬಹುದಾದದ್ದನ್ನು ಅಷ್ಟೆತ್ತರದಿಂದ ಚೆಲ್ಲುವುದರಲ್ಲೇ ಅವನ ಅಧಿಕಾರವಿದೆ. ಪೋಲು ಮಾಡುವ ಹಕ್ಕು ತನ್ನೊಬ್ಬನದು ಎಂದು ಅವನು ಸಾರುತ್ತಿದ್ದಾನೆ. ಮಾತಿನಲ್ಲಿ ಹೇಳಿದ್ದರೆ ಒಂದು ಪುಟ ಬೇಕಾಗುತ್ತಿದ್ದ ರಾಜಕಾರಣವನ್ನು ಚಿತ್ರ ಒಂದು ನಿಮಿಷದಲ್ಲಿ ಕಣ್ಣಿಗೆ ಕಟ್ಟಿಸುತ್ತದೆ. ಇಡೀ ಚಿತ್ರವನ್ನು ಮೊದಲು ಸುಮಾರು 3,500 ಚೌಕಟ್ಟುಗಳ ಸ್ಟೋರಿಬೋರ್ಡ್ ಆಗಿ ಬರೆಯಲಾಗಿತ್ತು, ಬರೆದವರಲ್ಲಿ ಕಾಮಿಕ್ಸ್ ಕಲಾವಿದ ಬ್ರೆಂಡನ್ ಮೆಕಾರ್ಥಿ ಇದ್ದರು. ಕಾಮಿಕ್ಸ್ ಓದಿ ಬೆಳೆದವರಿಗೆ ಆ ಚಿತ್ರದ ಲಯ ಪರಿಚಿತವೆನಿಸುವುದು ಇದರಿಂದಲೇ.

‘ಸ್ಟಾರ್ ವಾರ್ಸ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. 1977ರ ಮೊದಲ ಚಿತ್ರದಲ್ಲಿ ನಾಯಕ ಲ್ಯೂಕ್‌ನನ್ನು ಸಾಕಿದ ಓವನ್ ಗಾಳಿಯಿಂದ ತೇವ ತೆಗೆಯುವ ರೈತ. ಎಷ್ಟು ಒಳ್ಳೆಯ ಕಲ್ಪನೆ! ಆದರೆ ಎರಡು ಸೂರ್ಯರಿರುವ ಗ್ರಹದಲ್ಲಿ ಆ ಹುಡುಗ ಬಹಳಷ್ಟು ಹೊತ್ತು ಬರಿತಲೆಯಲ್ಲಿ ಓಡಾಡುತ್ತಾನೆ. ‘ಇಂಟರ್‌ಸ್ಟೆಲ್ಲರ್’ ಇದಕ್ಕಿಂತ ಎಚ್ಚರದ ಚಿತ್ರ. ಧೂಳು ಕೂರದಿರಲೆಂದು ಊಟದ ತಟ್ಟೆಗಳನ್ನು ಮೇಜಿನ ಮೇಲೆ ಬೋರಲು ಇಡುವುದು, ಇದೇ ಕೊನೆಯ ಬೆಂಡೆ ಬೆಳೆಯಂತೆ ಎಂದು ಅಜ್ಜ ಸುದ್ದಿ ಹೇಳುವುದು, ಇವೆರಡೂ ನನಗೆ ಕಪ್ಪುಕುಳಿಯ ದೃಶ್ಯಗಳಷ್ಟೇ ನೆನಪಿನಲ್ಲಿ ಉಳಿದಿವೆ.

ನೀರಡಿಕೆಯನ್ನು ಅನುಭವಕ್ಕೆ ತರುವ ಶಕ್ತಿ ನಿಜಕ್ಕೂ ಹೆಚ್ಚಿರುವುದು ಗೇಮುಗಳಿಗೆ, ಏಕೆಂದರೆ ಅಲ್ಲಿ ತೀರ್ಮಾನ ನಮ್ಮದು. 1997ರ ಮೊದಲ ‘ಫಾಲ್‌ಔಟ್’ ಇದನ್ನು ಅದ್ಭುತವಾಗಿ ಬಳಸಿಕೊಂಡಿತು. ನೆಲದಡಿಯ ಆಶ್ರಯತಾಣದಲ್ಲಿ ನೀರು ಶುದ್ಧೀಕರಿಸುವ ಯಂತ್ರದ ಚಿಪ್ ಕೆಟ್ಟಿದೆ; 150 ದಿನಗಳೊಳಗೆ ಹೊಸದನ್ನು ತರದಿದ್ದರೆ ಒಳಗಿರುವವರೆಲ್ಲ ಸಾಯುತ್ತಾರೆ. ಹಣ ಕೊಟ್ಟು ವ್ಯಾಪಾರಿಗಳಿಂದ ನೀರು ಕಳುಹಿಸಿದರೆ ಇನ್ನೂ 100 ದಿನ ಸಿಗುತ್ತದೆ, ಆದರೆ ಮೂಲ ಆವೃತ್ತಿಯಲ್ಲಿ ಆ ನೀರಿನ ಬಂಡಿಗಳಿಂದಲೇ ಆಶ್ರಯತಾಣದ ಗುಟ್ಟು ಶತ್ರುಗಳಿಗೆ ಬೇಗ ತಿಳಿಯುತ್ತದೆ. ನೀರು ತರಿಸುವ ಒಂದು ಸರಳ ಕೆಲಸಕ್ಕೂ ಬೆಲೆಯಿದೆ, ಆ ಬೆಲೆ ಮುಂದೆಲ್ಲೋ ಕಟ್ಟಬೇಕಾಗುತ್ತದೆ. ನಂತರ ಬಂದ ಅನೇಕ ಬದುಕುಳಿಯುವ ಆಟಗಳಲ್ಲಿ ಬಾಯಾರಿಕೆ ಪರದೆಯ ಮೂಲೆಯಲ್ಲಿನ ಒಂದು ಪಟ್ಟಿಯಾಗಿ ಕುಗ್ಗಿದೆ. ಅದು ಖಾಲಿಯಾದಾಗ ಒಂದು ಬಾಟಲಿ ಒತ್ತಿದರೆ ತುಂಬುತ್ತದೆ, ಆಟಗಾರ ಮತ್ತೆ ಮರೆಯುತ್ತಾನೆ. ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಮರಳುಗಾಡಿನ ಹಗಲಿಗೂ ರಾತ್ರಿಗೂ ಬೇರೆಬೇರೆ ಉಡುಪು ಬೇಡುವುದರಿಂದ ಸ್ವಲ್ಪ ಮೇಲು. 2025ರ ‘ಡ್ಯೂನ್: ಅವೇಕನಿಂಗ್’ ನೆರಳಿಗೆ ಬೆಲೆ ಕೊಟ್ಟಿದೆ: ಬಿಸಿಲಿನಲ್ಲಿ ನಿಂತಷ್ಟೂ ಮೈಯ ನೀರು ಬೇಗ ಇಳಿಯುತ್ತದೆ, ಹಾಗಾಗಿ ಒಂದು ಬಂಡೆಯ ನೆರಳಿನಿಂದ ಇನ್ನೊಂದರ ನೆರಳಿಗೆ ದಾರಿ ಲೆಕ್ಕ ಹಾಕಬೇಕು. ನಮ್ಮೂರಿನ ಮಧ್ಯಾಹ್ನದ ನಡಿಗೆಗೆ ಇಷ್ಟು ಹತ್ತಿರ ಬಂದ ನಿಯಮವನ್ನು ನಾನು ಬೇರೆ ಗೇಮಿನಲ್ಲಿ ಕಂಡಿಲ್ಲ.

ಬೀದರಿನ ಕಾರೇಜನ್ನೇ ವಸ್ತುವಾಗಿಟ್ಟುಕೊಂಡು ಯಾರಾದರೂ ಗೇಮ್ ಮಾಡಬೇಕೆಂಬುದು ನನ್ನ ಬಹುದಿನದ ಆಸೆ. ಆಟದ ನಿಯಮಗಳು ಆ ಸುರಂಗದಲ್ಲೇ ಸಿದ್ಧವಾಗಿವೆ. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಸುರಂಗದ ತಳ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಕಿಂಡಿ ಬಾವಿಗಳ ಅಂತರ ಹೆಚ್ಚಿದರೆ ಒಳಗೆ ಅಗೆಯುವವರಿಗೆ ಗಾಳಿ ಸಾಲದು, ಕಡಿಮೆಯಾದರೆ ಕೆಲಸ ಮುಗಿಯುವ ಮೊದಲೇ ಹಣವೂ ಕಾಲವೂ ತೀರುತ್ತದೆ. ತಾಯಿ ಬಾವಿಯ ನೀರಿನ ಮಟ್ಟ ಮಳೆಗಾಲಕ್ಕೊಂದು, ಬೇಸಿಗೆಗೊಂದು. ಬೇರೆ ಗ್ರಹದಲ್ಲಿ ನಡೆಯುವಂತೆ ಕಥೆ ಕಟ್ಟಿದರೂ ನನ್ನ ಅಡ್ಡಿಯಿಲ್ಲ, ಈ ಲೆಕ್ಕಗಳು ಅಲ್ಲಿಯೂ ಬದಲಾಗುವುದಿಲ್ಲ. ಸುರಂಗ ಮುಗಿದ ಕೂಡಲೇ ಆಟ ಮುಗಿಯಬಾರದು. ಹರಿದುಬಂದ ನೀರು ಮೊದಲು ಕೋಟೆಗೋ, ಪೇಟೆಗೋ, ಕೆಳಗಿನ ಹೊಲಗಳಿಗೋ ಎಂದು ಆಟಗಾರ ತೀರ್ಮಾನಿಸಬೇಕಾದ ಹೊತ್ತಿಗೆ ಅದರ ಎರಡನೇ ಭಾಗ ಶುರುವಾಗಬೇಕು.