ಲೈಫ್ ಸರ್ಟಿಫಿಕೇಟ್ ಮಾಡಿಸಲು ಹೋದ ಮನೆಯಲ್ಲಿ ಗ್ಯಾಸ್ ವಾಸನೆ

ನವೆಂಬರ್ ಬಂತೆಂದರೆ ನಮ್ಮ ತಂಡಕ್ಕೆ ಪುರುಸೊತ್ತೇ ಇರುವುದಿಲ್ಲ. ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳು ಜಾಸ್ತಿ. ಅಲ್ಲಿಗೆ ಹೋಗಿ ಸಣ್ಣಪುಟ್ಟ ಕೆಲಸ ಮಾಡಿಕೊಡುವ ಸ್ವಯಂಸೇವಕರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಲ್ಬ್ ಹಾಕುವುದು, ಕರೆಂಟ್ ಬಿಲ್ ಕಟ್ಟುವುದು, ಮಾತ್ರೆ ಡಬ್ಬಿ ತುಂಬಿಡುವುದು, ಹೀಗೆ. ನವೆಂಬರ್‌ನಲ್ಲಿ ಮಾತ್ರ ಹೆಚ್ಚಿನ ಟಿಕೆಟ್‌ಗಳು, ಅಂದರೆ ಆ್ಯಪ್‌ನಲ್ಲಿ ನಮಗೆ ಬರುವ ಕೆಲಸದ ಕೋರಿಕೆಗಳು, ಲೈಫ್ ಸರ್ಟಿಫಿಕೇಟ್‌ನವೇ. ಪಿಂಚಣಿ ನಿಲ್ಲದಿರಲಿ ಎಂದು, ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಕೊಡುವ ಪತ್ರ ಅದು.

2014ರಲ್ಲಿ ಈ ಪತ್ರವನ್ನು ಆಧಾರ್ ಮೂಲಕ ಆನ್‌ಲೈನ್‌ನಲ್ಲೇ ಮಾಡಿಸುವ ಜೀವನ್ ಪ್ರಮಾಣ್ ಶುರುವಾದ ಮೇಲೆ ಬ್ಯಾಂಕಿನ ಎದುರು ನಿಲ್ಲುವ ಕಷ್ಟ ತಪ್ಪಿತು, ನಿಜ. ಆದರೆ ನಮ್ಮ ಕಡೆ ಬೆರಳಚ್ಚು ಸರಿಯಾಗಿ ಮೂಡುವುದಿಲ್ಲ. ವರ್ಷಾನುಗಟ್ಟಲೆ ಅಡಿಕೆ ಸುಲಿದ ಕೈಗಳು. ಹೆಬ್ಬೆರಳಿನ ಗೆರೆಗಳೇ ಸವೆದಿರುತ್ತವೆ. 2021ರಲ್ಲಿ ಮೊಬೈಲಿಗೆ ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂತು. ಅದಕ್ಕೆ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ. 80 ದಾಟಿದವರನ್ನು ಗುಡ್ಡ ಹತ್ತಿಸುವುದು ಹೇಗೆ ಎಂಬ ತಲೆಬಿಸಿಯಲ್ಲೇ ಅವತ್ತು ಆ ಮನೆಗೆ ಹೋಗಿದ್ದೆವು.

ಅಜ್ಜ ಅಂಚೆ ಇಲಾಖೆಯಲ್ಲಿದ್ದವರು. ಜೊತೆಗೆ ಬಂದಿದ್ದ ಹುಡುಗ ಡಿಗ್ರಿ ಎರಡನೇ ವರ್ಷದವನು, ಚುರುಕು. ಜಗುಲಿ ಹತ್ತುವಾಗಲೇ ಮೂಗಿಗೆ ಏನೋ ಬಡಿಯಿತು. "ಗೋಬರ್ ಗ್ಯಾಸ್ ಅಲ್ವಾ ಅಕ್ಕಾ?" ಎಂದ. ಇರಬೇಕು ಎಂದೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸ್ ಹೊಸದಲ್ಲ. ಆ ವಾಸನೆಗೆ ಯಾರೂ ತಿರುಗಿ ನೋಡುವುದಿಲ್ಲ. ಕೂತು ಆಧಾರ್ ನಂಬರ್ ತುಂಬಲು ಶುರು ಮಾಡಿದೆವು.

ಬೆರಳಚ್ಚು ಎಂದಿನಂತೆ ಫೇಲ್. ಹುಡುಗ ಮಶೀನ್ ಒರೆಸುತ್ತಿದ್ದಾಗ ನಾನು ಅಜ್ಜನನ್ನು ಮಾತಿಗೆಳೆದೆ. ಹಾಲು ಮನೆಯದ್ದೋ, ಡೇರಿಯದ್ದೋ ಎಂದು ಸುಮ್ನೆ ಕೇಳಿದೆ. "ಎಲ್ಲಿಯ ಮನೆ ಹಾಲು! ದನ ಎಲ್ಲ ಕೊಟ್ಟು ವರ್ಷ ಆತು. ನೋಡ್ಕಂಬವು ಯಾರು?" ಎಂದರು.

ಕೊಟ್ಟಿಗೆ ಖಾಲಿ. ಹಾಗಾದರೆ ಗೋಬರ್ ಗ್ಯಾಸ್ ಎಲ್ಲಿಂದ?

ನಾನು ಎದ್ದು ನಿಲ್ಲುವಷ್ಟರಲ್ಲಿ ಅಜ್ಜಿ ಬೆಂಕಿಪೆಟ್ಟಿಗೆ ಹಿಡಿದು ಬಚ್ಚಲ ಕಡೆ ಹೊರಟಿದ್ದರು. ಸ್ನಾನದ ಹಂಡೆಗೆ ಬೆಂಕಿ ಹಾಕಬೇಕಿತ್ತು. ಆ ಮನೆಯ ಬಚ್ಚಲು ಅಡುಗೆಮನೆಯಿಂದ ಎರಡು ಮೆಟ್ಟಿಲು ಕೆಳಗೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಇಳಿಯುತ್ತದೆ. "ಅಜ್ಜೀ, ಬೆಂಕಿ ಬೇಡ, ನಿಲ್ಲಿ" ಎಂದು ಕೂಗಿದೆ. ಅವರು ತಿರುಗಿ ನನ್ನನ್ನೇ ನೋಡುತ್ತ ನಿಂತರು. "ಯಂಗೆಂತೂ ವಾಸನೆ ಬತ್ತಿಲ್ಲೆ ತಂಗೀ" ಎಂದರು. ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಸೋರಿಕೆ ಗೊತ್ತಾಗಲಿ ಎಂದೇ ಗ್ಯಾಸಿಗೆ ಕೆಟ್ಟ ವಾಸನೆ ಸೇರಿಸುತ್ತಾರೆ. ಆ ವಾಸನೆಯೇ ಅವರಿಬ್ಬರಿಗೂ ತಲುಪಿರಲಿಲ್ಲ.

ಅಷ್ಟರಲ್ಲಿ ಹುಡುಗ ಅಡುಗೆಮನೆಗೆ ನುಗ್ಗಿದ್ದ. ಮಂಗಗಳ ಕಾಟಕ್ಕೆ ಕಿಟಕಿಗಳನ್ನೆಲ್ಲ ಹಾಕಿಟ್ಟಿದ್ದರು. ಒಳಗೆ ಕತ್ತಲು. ಅವನ ಕೈ ಲೈಟಿನ ಸ್ವಿಚ್ ಮೇಲಿತ್ತು. "ಮುಟ್ಬೇಡ!" ಎಂದೆ. ಕೈ ಅಲ್ಲೇ ನಿಂತಿತು. ಸ್ವಿಚ್ ಹಾಕಿದರೂ ಕಿಡಿ, ತೆಗೆದರೂ ಕಿಡಿ. ಅಜ್ಜ ಜಗುಲಿಯಿಂದ "ಮೇನ್ ಆಫ್ ಮಾಡ್ಲಾ?" ಎಂದು ಕೂಗಿದರು. ಮೇನ್ ಇದ್ದದ್ದು ಮನೆಯೊಳಗೇ. ಬೇಡ, ಅಂಗಳಕ್ಕೆ ಹೋಗಿ ಎಂದೆ. ಅಜ್ಜಿಯನ್ನೂ ಕಳಿಸಿದೆ.

ಹಿತ್ತಲ ಬಾಗಿಲಿನ ಅಗುಳಿ ಬಿಗಿಯಾಗಿತ್ತು. ಅದನ್ನು ಎಳೆಯುವಾಗ ಕಳೆದ ಹೊತ್ತು ಈಗಲೂ ನೆನಪಾದರೆ ಅಂಗೈ ಬೆವರುತ್ತದೆ. ಬಾಗಿಲು ತೆರೆಯಿತು. ರೆಗ್ಯುಲೇಟರ್ ಬಂದ್ ಮಾಡಿ, ಬಿಚ್ಚಿ, ಸಿಲಿಂಡರ್ ಬಾಯಿಗೆ ಕ್ಯಾಪ್ ಹಾಕಿದೆವು. ದಾರದಲ್ಲಿ ನೇತಾಡುವ ಆ ಪ್ಲಾಸ್ಟಿಕ್ ಕ್ಯಾಪನ್ನು ಎಷ್ಟೋ ಮನೆಗಳಲ್ಲಿ ಕತ್ತರಿಸಿ ಎಸೆದಿರುತ್ತಾರೆ. ಪುಣ್ಯಕ್ಕೆ ಇಲ್ಲಿ ಇತ್ತು. ಕಿಟಕಿಗಳನ್ನೆಲ್ಲ ತೆರೆದು ಎಲ್ಲರೂ ಅಂಗಳದಲ್ಲಿ ಕೂತೆವು. ಸಹಾಯವಾಣಿ 1906ಕ್ಕೆ ಫೋನ್ ಮಾಡಲು ಹುಡುಗ ಗುಡ್ಡಕ್ಕೆ ಓಡಿದ.

ಒಲೆಗೆ ಸೇರುವ ಕಡೆ ಪೈಪ್ ಬಿರುಕು ಬಿಟ್ಟಿತ್ತು. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ಪೈಪ್ ಅದು. ಇದರ ಮೇಲಿನ ಇಸವಿಯೇ ಅಳಿಸಿಹೋಗಿತ್ತು. ರಾತ್ರಿ ರೆಗ್ಯುಲೇಟರ್ ಯಾಕೆ ಬಂದ್ ಮಾಡುವುದಿಲ್ಲ ಎಂದು ಅಜ್ಜಿಯನ್ನು ಕೇಳಿದೆ. ಸಿಲಿಂಡರ್ ಕಟ್ಟೆಯ ಅಡಿಯ ಮೂಲೆಯಲ್ಲಿತ್ತು. ಮಂಡಿ ಬಗ್ಗುವುದಿಲ್ಲ, ಬೆರಳಲ್ಲಿ ತಿರುಗಿಸುವ ಬಲವಿಲ್ಲ ಎಂದರು. "ಜಾಗ್ರತೆ ಮಾಡಿ" ಎಂದು ಹೇಳಿ ಬರುವುದರಿಂದ ಇಂಥದ್ದು ಸರಿಹೋಗುವುದಿಲ್ಲ. ಹೊಸ ಪೈಪ್ ಹಾಕಿಸಿ, ಸೋಪಿನ ನೀರು ಹಚ್ಚಿ ಪರೀಕ್ಷೆ ಮಾಡಿಸಿದೆವು. ಸಿಲಿಂಡರನ್ನು ಮೂಲೆಯಿಂದ ಆಚೆ ತಂದು, ಸ್ಟೂಲ್ ಮೇಲೆ ಕೂತೇ ಕೈಗೆ ಸಿಗುವ ಹಾಗೆ ಇಟ್ಟೆವು. ಈಗ ಅಜ್ಜಿ ದಿನಾ ರಾತ್ರಿ ಬಂದ್ ಮಾಡುತ್ತಾರೆ. ಬೆಂಗಳೂರಿನ ಮಗ ಗ್ಯಾಸ್ ಅಲಾರಂ ಕಳಿಸಿದ. ಅದನ್ನು ಗೋಡೆಯ ಮೇಲ್ಗಡೆ ಸಿಕ್ಕಿಸಲು ಹೊರಟಿದ್ದರು. ನೆಲದ ಹತ್ತಿರ ಹಾಕಿಸಿದೆವು.

ಸರ್ಟಿಫಿಕೇಟ್ ಆಮೇಲೆ ಆಯಿತು. ಅಜ್ಜನನ್ನು ಆಟೋದಲ್ಲಿ ಕೂರಿಸಿ, ನೆಟ್‌ವರ್ಕ್ ಸಿಗುವ ತಿರುವಿನವರೆಗೆ ಕರೆದುಕೊಂಡು ಹೋಗಿ, ಕ್ಯಾಮೆರಾ ಎದುರು ಕಣ್ಣು ಮಿಟುಕಿಸಲು ಹೇಳಿದೆವು.

ಆಫೀಸಿನಲ್ಲಿ ಮೇಲಿನವರು ಕೇಳಿದ್ದು ಇಷ್ಟೇ. ಟಿಕೆಟ್ ಅದೇ ದಿನ ಯಾಕೆ ಕ್ಲೋಸ್ ಆಗಲಿಲ್ಲ? ವಿಸಿಟ್ 45 ನಿಮಿಷ ಯಾಕೆ ದಾಟಿತು? ನನಗೆ ನಿಜಕ್ಕೂ ಸಿಟ್ಟು ಬಂತು. ದನದ ಸುದ್ದಿ ಬಂದದ್ದು ಫಾರ್ಮಿನಿಂದ ಅಲ್ಲ, ಹರಟೆಯಿಂದ. ಆ ಹರಟೆಗೆ ಅವರ ಲೆಕ್ಕದಲ್ಲಿ ಒಂದು ನಿಮಿಷವೂ ಇಲ್ಲ. ಬೆರಳಚ್ಚು ಮೊದಲ ಸಲಕ್ಕೇ ಬಂದಿದ್ದರೆ ನಾವು ಟಿಕೆಟ್ ಕ್ಲೋಸ್ ಮಾಡಿ ಬೈಕ್ ಹತ್ತುತ್ತಿದ್ದೆವು. ಆ್ಯಪ್ ಹಸಿರು ಬಣ್ಣ ತೋರಿಸುತ್ತಿತ್ತು. ಬಚ್ಚಲಲ್ಲಿ ಅಜ್ಜಿ ಕಡ್ಡಿ ಗೀರುತ್ತಿದ್ದರು.

ಈಗ ನನ್ನ ಹುಡುಗರಿಗೆ ಒಂದೇ ಮಾತು ಹೇಳಿದ್ದೇನೆ. ಮೊಬೈಲ್ ತೆಗೆಯುವ ಮೊದಲು ಮನೆಯವರ ಜೊತೆ ಅಡುಗೆಮನೆ, ಬಚ್ಚಲು, ಹಿತ್ತಲು ಸುತ್ತಿ ಬನ್ನಿ. ಹೊತ್ತಾದರೆ ಆಗಲಿ, ಬೈಗುಳ ನಾನು ತಿನ್ನುತ್ತೇನೆ. "ಬೇರೆ ಏನು ಕಂಡಿರಿ" ಎಂಬ ಒಂದು ಖಾನೆ ಆ್ಯಪ್‌ಗೆ ಸೇರಿಸಿ ಎಂದು ಕೇಳಿದ್ದೆ, ಇನ್ನೂ ಬಂದಿಲ್ಲ. ಹುಡುಗರು ವಿಸಿಟ್ ಶೀಟ್‌ನ ಬೆನ್ನಿಗೆ ಪೆನ್ನಿನಲ್ಲಿ ಬರೆದು ತರುತ್ತಾರೆ. ಕಳೆದ ವಾರ ಬಂದ ಹಾಳೆಗಳಲ್ಲಿ ಒಂದು ಮನೆಯ ಬಚ್ಚಲ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಇನ್ನೊಂದು ಮನೆಯಲ್ಲಿ ಫ್ರಿಜ್ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಮತ್ತೊಂದರಲ್ಲಿ ಅಜ್ಜಿ ಬಿಪಿ ಮಾತ್ರೆ ಮುಗಿದೀತೆಂದು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು. ಮೂರೂ ಬಲ್ಬ್ ಹಾಕಿಕೊಡಲು ತೆರೆದ ಟಿಕೆಟ್‌ಗಳು.