ಲೈಸೆನ್ಸ್ ಬಂದ ಮೇಲಿನ ಕಲಿಕೆ: ಶಿರಸಿಯಿಂದ ಕುಮಟಾದವರೆಗೆ

ನವೆಂಬರ್: ಎಲ್‌ಎಲ್‌ಆರ್

ಶಿರಸಿ ತಾಲ್ಲೂಕಿನ ನಮ್ಮ ಊರಿನಿಂದ ಘಟ್ಟದ ಕೆಳಗಿರುವ ತವರುಮನೆಗೆ ಯಾರನ್ನೂ ಕಾಯದೆ ಕಾರು ನಡೆಸಿಕೊಂಡು ಹೋಗಿಬರಬೇಕೆಂಬುದು ಈ ಕಲಿಕೆಯ ಗುರಿ. ಆದ್ದರಿಂದ ಇಲ್ಲಿ ಬರೆದಿಡುವ ಪ್ರಗತಿಯನ್ನು ಆ ದಾರಿಯ ಅಳತೆಯಲ್ಲೇ ನೋಡಬೇಕು.

ನನ್ನಂತೆ ನಲವತ್ತು ದಾಟಿದವರು ಅರ್ಜಿಯ ಜೊತೆ ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ತುಂಬಿ, ಕಲಿಕಾ ಲೈಸೆನ್ಸಿಗೆ (ಎಲ್‌ಎಲ್‌ಆರ್) 150 ರೂಪಾಯಿ, ಅದರ ಪರೀಕ್ಷೆಗೆ 50 ರೂಪಾಯಿ ಕಟ್ಟಿದ್ದಾಯಿತು. ಪ್ರಶ್ನೆಗಳಲ್ಲಿ ನೂರಕ್ಕೆ ಅರವತ್ತರಷ್ಟಾದರೂ ಸರಿಯಾಗಬೇಕು. ರಸ್ತೆ ಫಲಕಗಳನ್ನು ಎರಡು ಸಂಜೆ ಕುಳಿತು ನೋಡಿದವರಿಗೆ ಇದು ಕಷ್ಟವಲ್ಲ. ಓದಿಕೊಂಡ ನಿಯಮಗಳಲ್ಲಿ ಒಂದನ್ನು ಮಾತ್ರ ಪ್ರತ್ಯೇಕವಾಗಿ ಬರೆದಿಟ್ಟುಕೊಂಡಿದ್ದೇನೆ: ಕಡಿದಾದ ರಸ್ತೆಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕು. ನಮ್ಮ ಜಿಲ್ಲೆಯಲ್ಲಿ ಇಷ್ಟು ಬಳಕೆಗೆ ಬರುವ ನಿಯಮ ಬೇರೊಂದು ಇರಲಾರದು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಕೈಗೆ ಬಂದು 30 ದಿನ ಕಳೆಯುವವರೆಗೆ ಮುಂದಿನ ಪರೀಕ್ಷೆಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಕಾರಿನ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಫಲಕ, ಪಕ್ಕದಲ್ಲಿ ಲೈಸೆನ್ಸ್ ಇರುವ ಒಬ್ಬರು ಕಡ್ಡಾಯ.

ಡಿಸೆಂಬರ್: ಕ್ಲಚ್

ಅಂಗಳದಲ್ಲಿ ಅಭ್ಯಾಸ ಮಾಡೋಣವೆಂದರೆ ಅಡಿಕೆಯ ಕೊನೆ (ಗೊನೆ) ಕೊಯ್ಲು ಆರಂಭವಾಗಿ ಅಂಗಳದ ತುಂಬ ಅಡಿಕೆ ಹರಡಿದೆ. ಹೀಗಾಗಿ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿತದ್ದನ್ನು ಮನೆಯಿಂದ ಡಾಂಬರು ರಸ್ತೆಗೆ ಸೇರುವ ಕೆಂಪು ಮಣ್ಣಿನ ಏರಿನಲ್ಲಿಯೇ ಮತ್ತೆ ಮಾಡಿ ನೋಡಬೇಕಾಯಿತು. ಆ ಏರಿನ ತುದಿಯಲ್ಲಿ ದಣಪೆ, ಅಂದರೆ ಅಡ್ಡಗಳಗಳ ಬೇಲಿಬಾಗಿಲು ಇದೆ. ಅದನ್ನು ತೆಗೆಯುವವರೆಗೆ ಕಾರನ್ನು ಇಳಿಜಾರಿನಲ್ಲೇ ನಿಲ್ಲಿಸಿ, ಹಿಂದೆ ಸರಿಯದಂತೆ ಮತ್ತೆ ಹೊರಡಿಸಬೇಕು. ಗೊತ್ತಿಲ್ಲದೆಯೇ ಮನೆಯ ದಾರಿ ನನಗೆ ಪರೀಕ್ಷೆಯ ಬಹುಮುಖ್ಯ ಭಾಗವನ್ನು ಕಲಿಸುತ್ತಿತ್ತು.

ಕ್ಲಚ್ ಪೆಡಲನ್ನು ನಿಧಾನವಾಗಿ ಬಿಡುತ್ತ ಬಂದಂತೆ, ಎಂಜಿನ್ನಿನ ತಿರುಗುವಿಕೆಯು ಚಕ್ರಗಳಿಗೆ ದಾಟಲು ತೊಡಗುವ ಒಂದು ಜಾಗ ಬರುತ್ತದೆ. ಆಗ ಎಂಜಿನ್ನಿನ ಸದ್ದು ಸ್ವಲ್ಪ ಕುಗ್ಗುತ್ತದೆ, ಬಾನೆಟ್ ತುಸು ಮೇಲೇಳುತ್ತದೆ. ಕಾಲನ್ನು ಅಲ್ಲಿಯೇ ನಿಲ್ಲಿಸಿ, ಆಕ್ಸಿಲರೇಟರನ್ನು ಹದವಾಗಿ ಒತ್ತಿ, ಹ್ಯಾಂಡ್ ಬ್ರೇಕನ್ನು ಇಳಿಸಿದರೆ ಕಾರು ಹಿಂದೆ ಹೋಗದೆ ಮುಂದಕ್ಕೆ ನಡೆಯುತ್ತದೆ. “ಅಕ್ಕಾ, ಕ್ಲಚ್ಚಿಗೆ ಕಾಲು ಮಾತ್ರ ಸಾಲೂದಿಲ್ಲ, ಕಿವಿಯನ್ನೂ ಕೊಡಿ” ಎಂದು ಕಲಿಸುವ ಮಾಸ್ತರರು ಹೇಳಿದ್ದು ಯಾವ ಪಾಠಕ್ಕಿಂತಲೂ ಹೆಚ್ಚು ಉಪಯೋಗವಾಯಿತು. ಏರಿನಲ್ಲಿ ದರಕು (ಒಣ ಎಲೆ) ಬಿದ್ದಿದ್ದರೆ ಚಕ್ರ ಸುಮ್ಮನೆ ತಿರುಗುತ್ತದೆ; ಅದನ್ನು ಮೊದಲು ಗುಡಿಸಿಬಿಡುವುದು ಒಳ್ಳೆಯದು. ಅರ್ಧ ಒತ್ತಿದ ಕ್ಲಚ್ಚಿನ ಮೇಲೆಯೇ ಕಾರನ್ನು ಏರಿನಲ್ಲಿ ಬಹಳ ಹೊತ್ತು ನಿಲ್ಲಿಸಿಕೊಳ್ಳುವ ಅಭ್ಯಾಸ ಅನೇಕ ಹಳೆಯ ಚಾಲಕರಲ್ಲಿಯೂ ಇದೆ. ಅದರಿಂದ ಪ್ಲೇಟು ಸವೆಯುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ಜನವರಿ: ಪರೀಕ್ಷೆ

ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮದಲ್ಲಿ ಪರೀಕ್ಷೆಯಲ್ಲಿ ಏನೇನು ನೋಡಬೇಕೆಂಬ ಪಟ್ಟಿಯಿದೆ. ಅದನ್ನು ಮುಂಚಿತವಾಗಿ ಓದಿಕೊಂಡು ಹೋಗಬೇಕೆಂದು ಎಲ್ಲರಿಗೂ ಹೇಳುತ್ತೇನೆ. ಕನ್ನಡಿ ಸರಿಮಾಡಿಕೊಳ್ಳುವುದರಿಂದ ಹಿಡಿದು ಹಿಮ್ಮುಖವಾಗಿ ಚಲಿಸುವವರೆಗೆ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದೆ ಸರಿಯದೆ ಹೊರಡುವುದರಿಂದ ಹಿಡಿದು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರುವವರೆಗೆ, ಘಟ್ಟದ ಚಾಲಕನಿಗೆ ಬೇಕಾದ ಬಹುತೇಕ ಸಂಗತಿಗಳು ಅಲ್ಲಿವೆ. ಆದರೆ ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರರ ಮುಂದೆ ಅವೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ.

ಸೀಟ್ ಬೆಲ್ಟ್, ಕನ್ನಡಿ, ಇಂಡಿಕೇಟರ್ ಎಂಬ ಕ್ರಮವನ್ನು ಅವಸರವಿಲ್ಲದೆ ಪಾಲಿಸಿದೆ. ಹಿಮ್ಮುಖ ಚಾಲನೆಯಲ್ಲಿ ಕನ್ನಡಿಯನ್ನಷ್ಟೇ ನಂಬದೆ ತಿರುಗಿ ನೋಡಿದೆ. ಏರಿನಲ್ಲಿ ನಿಲ್ಲಿಸಿರೆಂದಾಗ ನನಗೆ ನಮ್ಮ ದಣಪೆಯ ಜಾಗವೇ ಇನ್ನೂ ಕಡಿದು ಎನ್ನಿಸಿತು. ಪಾಸಾಯಿತು. ಕಾರ್ಡು ಅಂಚೆಯಲ್ಲಿ ಬರುವ ಮೊದಲೇ ಡಿಜಿಲಾಕರಿನಲ್ಲಿ ಕಾಣಿಸಿಕೊಂಡಿತು. ನನ್ನ ವಯಸ್ಸಿನವರಿಗೆ ಅದು ಹತ್ತು ವರ್ಷಗಳಿಗೆ ಸಿಗುತ್ತದೆ.

ಫೆಬ್ರವರಿ: ಪೇಟೆ

ಶಿರಸಿ ಪೇಟೆಯಲ್ಲಿ ಐದು ರಸ್ತೆ ವೃತ್ತವನ್ನು ದಾಟುವುದೇ ಮುಖ್ಯ ಅಭ್ಯಾಸ. ಒಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು ಎಂಬುದು ಪುಸ್ತಕದ ಮಾತು. ನಡೆಯುವುದು ಪರಸ್ಪರ ಕಣ್ಣು ನೋಡಿಕೊಂಡು. ಈ ವರ್ಷ ಮಾರಿಕಾಂಬಾ ಜಾತ್ರೆಯಿಲ್ಲದ್ದರಿಂದ ಪೇಟೆ ಒಂದಿಷ್ಟು ಖಾಲಿಯಿತ್ತು. ದೇವಿಕೆರೆಯ ಬಳಿ ಎರಡು ಕಾರುಗಳ ನಡುವೆ ನಿಲ್ಲಿಸುವುದು ಈಗಲೂ ನನಗೆ ಬೇಸರದ ಕೆಲಸವೇ.

ಮಾರ್ಚ್ ಮತ್ತು ಏಪ್ರಿಲ್: ದೇವಿಮನೆ ಘಟ್ಟ

ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲಿನ ಪಕ್ಕದಲ್ಲಿದೆ. ಸುಮಾರು 60 ಕಿಲೋಮೀಟರಿನ ಈ ದಾರಿಯ ಇಳಿತದ ಬಹುಪಾಲು ದೇವಿಮನೆ ಘಟ್ಟದಲ್ಲಿ ಬರುತ್ತದೆ. ಒಂದು ಸಾವಿರ ಕಿಲೋ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಸುಮಾರು 49 ಲಕ್ಷ ಜೌಲ್ ಶಕ್ತಿ ಹೊರಬೀಳುತ್ತದೆ. ಲೆಕ್ಕ ಹಾಕಿದರೆ ಅದು ಹದಿನೈದು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಗಾಳಿಯ ತಡೆ ಮತ್ತು ಟೈರುಗಳ ಉಜ್ಜುವಿಕೆ ಅದರಲ್ಲಿ ಒಂದು ಪಾಲನ್ನು ತೆಗೆದುಕೊಂಡರೂ ಉಳಿದದ್ದನ್ನು ಬ್ರೇಕು ಅಥವಾ ಎಂಜಿನ್ ಹೀರಿಕೊಳ್ಳಲೇಬೇಕು. ಎಲ್ಲವನ್ನೂ ಬ್ರೇಕಿನ ಮೇಲೆ ಹಾಕಿದರೆ ಪ್ಯಾಡುಗಳು ಅತಿಯಾಗಿ ಕಾಯ್ದು ಹಿಡಿತ ಕಳೆದುಕೊಳ್ಳುತ್ತವೆ; ಬ್ರೇಕ್ ಆಯಿಲ್ ಕುದಿದು ಅದರಲ್ಲಿ ಆವಿಯ ಗುಳ್ಳೆಗಳಾದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಘಟ್ಟದ ಬುಡದಲ್ಲಿ ಲಾರಿಗಳಿಂದ ಬರುವ ಸುಟ್ಟ ವಾಸನೆಗೆ ಹೀಗೆ ಕಾಯ್ದ ಬ್ರೇಕುಗಳೇ ಕಾರಣ.

ಈ ಲೆಕ್ಕ ಅರ್ಥವಾದ ಮೇಲೆ ಇಳಿಯುವ ಭಯ ಬಹಳಷ್ಟು ಕಡಿಮೆಯಾಯಿತು, ಏಕೆಂದರೆ ಮಾಡಬೇಕಾದದ್ದು ಸ್ಪಷ್ಟವಿತ್ತು. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಇಲ್ಲಿನ ಚಾಲಕರ ಮಾತು. ಘಟ್ಟ ಆರಂಭವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬಂದು, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ತಾನೇ ಕಾರನ್ನು ಹಿಡಿದಿಡುತ್ತದೆ. ಬ್ರೇಕನ್ನು ತಿರುವಿನ ಮುಂಚೆ ಸ್ವಲ್ಪ ಒತ್ತಿ ಬಿಟ್ಟರೆ ಸಾಕು. ನ್ಯೂಟ್ರಲ್ಲಿನಲ್ಲಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆಂದು ನಮ್ಮ ಮನೆಯವರು ಸಹ ಬಹಳ ವರ್ಷ ನಂಬಿದ್ದರು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನದ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಿರಲು ಪೆಟ್ರೋಲ್ ಸುಡುತ್ತಲೇ ಇರಬೇಕಾಗುತ್ತದೆ. ಈ ವಿಷಯದ ಚರ್ಚೆ ಘಟ್ಟದ ಮೇಲಿನ ಬಂಡಲದಿಂದ ಕೆಳಗಿನ ಕತಗಾಲದವರೆಗೂ ನಡೆಯಿತು. ನಾನು ಮಾತಾಡುತ್ತಲೇ ಘಟ್ಟ ಇಳಿಸಿದ್ದೆನೆಂಬುದು ಕೆಳಗೆ ತಲುಪಿದ ಮೇಲೆ ಗಮನಕ್ಕೆ ಬಂತು.

ರಸ್ತೆ ಅಗಲೀಕರಣದ ಕಾಮಗಾರಿ ಕಂಡಿರುವ ಈ ಘಟ್ಟದಲ್ಲಿ ಕೆಲವೆಡೆ ಅಂಚು ಒರಟಾಗಿದೆ, ಜಲ್ಲಿ ಚದುರಿರುತ್ತದೆ. ಬಸ್ಸುಗಳು ಕಡಿದಾದ ತಿರುವಿನಲ್ಲಿ ಪೂರ್ತಿ ರಸ್ತೆಯನ್ನು ಬಳಸಿಯೇ ತಿರುಗಬೇಕಾಗುತ್ತದೆ, ಅದು ಅವರ ದರ್ಪವಲ್ಲ. ಇಳಿಯುವಾಗ ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿದರೆ ತಿರುವಿನ ಮೊದಲೇ ಎಡಕ್ಕೆ ನಿಂತು ಕಾಯುತ್ತೇನೆ. ಏರುವಾಗ ಲಾರಿಯ ಹಿಂದೆ ಸಾಕಷ್ಟು ಅಂತರ ಬಿಡುತ್ತೇನೆ, ಹೊರಡುವಾಗ ಅದು ಹಿಂದಕ್ಕೆ ಜಾರಬಹುದು. ಗೇರನ್ನು ತಿರುವಿನ ಒಳಗೆ ಬದಲಿಸುವುದಿಲ್ಲ. ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದು ಅವಸರಪಡಿಸಿದರೆ ಅಗಲವಿರುವ ಜಾಗದಲ್ಲಿ ನಿಂತು ಮುಂದೆ ಬಿಟ್ಟುಬಿಡುತ್ತೇನೆ. ಕಲಿತವುಗಳಲ್ಲಿ ಅತ್ಯಂತ ನೆಮ್ಮದಿ ಕೊಟ್ಟದ್ದು ಇದು.

ಮೇ: ಹೆದ್ದಾರಿ 66

ಘಟ್ಟದಲ್ಲಿ ಬಂದ ಧೈರ್ಯ ಕರಾವಳಿಯ ಚತುಷ್ಪಥದಲ್ಲಿ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ವೇಗವನ್ನು ತಡೆಹಿಡಿದವರು ಇಲ್ಲಿ ಹೆದ್ದಾರಿ ಸೇರುವಾಗ ವೇಗವನ್ನು ಬೇಗ ಕೂಡಿಸಿಕೊಳ್ಳಬೇಕು, ಬಲಗನ್ನಡಿಯಲ್ಲಿ ದೂರದ ಚುಕ್ಕೆಯಂತೆ ಕಾಣುವ ಕಾರು ಎಷ್ಟು ಬೇಗ ಹತ್ತಿರವಾಗುತ್ತದೆಂಬ ಅಂದಾಜು ಬೇಕು. ವಿಭಜಕವಿರುವ ಚತುಷ್ಪಥದಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಗರಿಷ್ಠ ಮಿತಿಯಿದ್ದರೂ ಫಲಕಗಳು ಅನೇಕ ಕಡೆ ಅದಕ್ಕಿಂತ ಕಡಿಮೆ ಹೇಳುತ್ತವೆ. ವಿರುದ್ಧ ದಿಕ್ಕಿನಲ್ಲಿ ಅಂಚು ಹಿಡಿದು ಬರುವ ಬೈಕುಗಳು, ವಿಭಜಕದ ತೆರಪಿನಲ್ಲಿ ತಟ್ಟನೆ ತಿರುಗುವ ರಿಕ್ಷಾಗಳು ಇರುವವರೆಗೆ ನಾನು ಎಡ ಪಥದಲ್ಲಿಯೇ, ಮಿತಿಗಿಂತ ಸಾಕಷ್ಟು ಕೆಳಗೆ ಹೋಗುತ್ತೇನೆ. ಹೊನ್ನಾವರದ ಶರಾವತಿ ಸೇತುವೆಯವರೆಗೂ ಹೋಗಿ ತಿರುಗಿ ಬಂದದ್ದರಿಂದ ಅಭ್ಯಾಸವಾಯಿತು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಮಟಾ ಪೇಟೆಗೆ ಹೋದೆ. “ಅಪ್ಪನಿಗಿಂತ ನಿಧಾನ” ಎಂದಳು, ದೂರೋ ಮೆಚ್ಚುಗೆಯೋ ಕೇಳಲು ಹೋಗಲಿಲ್ಲ.

ಜೂನ್: ಮಳೆ

ಘಟ್ಟದ ಮೇಲೆ ಮಂಜು ಇಳಿದಾಗ ಹೈ ಬೀಮ್ ಹಾಕಿದರೆ ಬೆಳಕು ಕಣ್ಣಿಗೇ ಮರಳುತ್ತದೆ, ಡಿಪ್ ಮಾಡಿದರೆ ರಸ್ತೆ ಕಾಣುತ್ತದೆ. ಒಳಗಾಜು ಮಸುಕಾದರೆ ಬಟ್ಟೆಯಿಂದ ಒರೆಸುವ ಬದಲು ಏಸಿ ಹಾಕಬೇಕು, ಅದು ಗಾಳಿಯ ತೇವವನ್ನು ತೆಗೆಯುತ್ತದೆ. ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆಗೆ ಬರುವುದು ಈ ದಾರಿಯವರಿಗೆ ಹೊಸದಲ್ಲ. ಹರಿಯುವ ನೀರನ್ನು ದಾಟುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಟ್ಟಿದ್ದೇನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ಮೇಲೆ, ಕಡಿದ ಧರೆಯ (ರಸ್ತೆಬದಿಯ ಮಣ್ಣಿನ ಗೋಡೆಯ) ಬುಡದಲ್ಲಿ ಚಹಾಕ್ಕೆಂದೋ ಫೋನಿಗೆಂದೋ ಕಾರು ನಿಲ್ಲಿಸುವುದನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಿಟ್ಟಿದ್ದೇವೆ.

ಇನ್ನು ಉಳಿದಿರುವುದು ರಾತ್ರಿ ಚಾಲನೆ ಮತ್ತು ಯಲ್ಲಾಪುರದ ಕಡೆಯಿಂದ ಅರಬೈಲ್ ಘಟ್ಟ. ಅರಬೈಲಿನಲ್ಲಿ ಲಾರಿಗಳ ಸಾಲು ಹೆಚ್ಚಾದ್ದರಿಂದ ಅದನ್ನು ಮಳೆ ಮುಗಿಯುವವರೆಗೆ ಮುಟ್ಟುವುದಿಲ್ಲ. ಅಷ್ಟರೊಳಗೆ ವೈಪರ್ ಬ್ಲೇಡುಗಳನ್ನು ಬದಲಿಸಿ, ಸವೆದಿರುವ ಮುಂದಿನ ಎರಡು ಟೈರುಗಳನ್ನು ಹೊಸದಾಗಿ ಹಾಕಿಸಬೇಕು.