ಅಥೇರ್: 'ಮಾಡು' ಅನ್ನುವ ಕ್ರಿಯಾಪದಕ್ಕೆ ಒಂದು ಶನಿವಾರ

ಮಡ್ರಿಡ್, 16 ನವೆಂಬರ್ 2024, ಶನಿವಾರ

ಇವತ್ತಿನ ಸ್ಪ್ಯಾನಿಶ್ ಕ್ಲಾಸ್ ಪೂರ್ತಿ ಒಂದೇ ಕ್ರಿಯಾಪದಕ್ಕೆ ಹೋಯಿತು. ಅಥೇರ್. ಮಾಡು ಅಂತ ಅರ್ಥ. ಬೆಳಗ್ಗೆ ಎದ್ದರೆ ಸಾಕು, ಇಲ್ಲಿ ಇದು ಬೇಕೇ ಬೇಕು. ಚಳಿ ಇದೆ ಅನ್ನುವುದಕ್ಕೆ 'ಆಥೆ ಫ್ರೀಯೊ', ಬಿಸಿಲಿದೆ ಅನ್ನುವುದಕ್ಕೆ 'ಆಥೆ ಸೋಲ್', ಕ್ಯೂ ನಿಲ್ಲುವುದಕ್ಕೆ 'ಅಥೇರ್ ಕೋಲ', ಮನೆ ಸಾಮಾನು ತರುವುದಕ್ಕೆ 'ಅಥೇರ್ ಲ ಕೋಂಪ್ರ', ಮೂರು ವರ್ಷದ ಹಿಂದೆ ಅನ್ನುವುದಕ್ಕೂ 'ಆಥೆ ತ್ರೇಸ್ ಆನ್ಯೊಸ್'. ಕೈಲಿ ಏನೂ ಇಲ್ಲ ಅನ್ನಿಸಿದಾಗ ಜನ 'ಕೆ ಲೆ ಬಾಮೊಸ್ ಅ ಅಥೇರ್' ಅಂತಾರೆ. ಏನ್ ಮಾಡೋಕಾಗುತ್ತೆ ಬಿಡಿ, ಅನ್ನುವ ಹಾಗೆ.

ಶನಿವಾರ ಸಂಜೆ ನನ್ನ ಹತ್ತಿರ ಸ್ಪ್ಯಾನಿಶ್ ಕಲಿಯಲು ನಮ್ಮ ಮನೆಯಲ್ಲಿ ಸೇರುವವರೆಲ್ಲ ಕನ್ನಡದವರು. ಒಬ್ಬರು ಇಲ್ಲಿಯ ಪೌರತ್ವಕ್ಕೆ ಬೇಕಾದ ದೇಲೆ ಎ2 ಅನ್ನುವ ಸ್ಪ್ಯಾನಿಶ್ ಭಾಷಾ ಪರೀಕ್ಷೆಗೆ ಓದುತ್ತಿದ್ದಾರೆ. ಇನ್ನೊಬ್ಬರಿಗೆ ಮಗುವಿನ ಸ್ಕೂಲ್ ಟೀಚರ್ ಹತ್ತಿರ ನೆಟ್ಟಗೆ ಮಾತಾಡಬೇಕು, ಅಷ್ಟೇ. ಎಲ್ಲರನ್ನೂ ಹೆದರಿಸಿರುವುದು ಪಠ್ಯಪುಸ್ತಕದ ಕೊನೆಯ ಪುಟಗಳಲ್ಲಿ ಇರುವ ಆ ದೊಡ್ಡ ಪಟ್ಟಿ. ಒಂದು ಕ್ರಿಯಾಪದ, ಕಾಲಕ್ಕೆ ಆರಾರು ರೂಪ, ಕಾಲಗಳೋ ಮುಗಿಯುವುದೇ ಇಲ್ಲ. ಅದನ್ನು ಬಾಯಿಪಾಠ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕನ್ನಡದಲ್ಲಿ 'ಮಾಡು' ಧಾತುವಿನ ರೂಪಗಳನ್ನೆಲ್ಲ ಬರೆಯುತ್ತಾ ಕೂತರೆ ಪಟ್ಟಿ ಇದಕ್ಕಿಂತ ಉದ್ದ ಆಗುತ್ತೆ, ಅಲ್ವಾ? ಮಾಡುತ್ತೇನೆ, ಮಾಡಿದಳು, ಮಾಡಿಯಾನು, ಮಾಡಲಿ, ಮಾಡೆವು, ಮಾಡಿದ್ದಿದ್ದರೆ. ಅದನ್ನೆಲ್ಲ ಪಟ್ಟಿ ನೋಡಿ ಕಲಿತವರು ನಮ್ಮಲ್ಲಿ ಯಾರೂ ಇಲ್ಲ.

ಮೊದಲು ಉಚ್ಚಾರ. ಇಲ್ಲಿ ನಾನು 'ಥ' ಅಂತ ಬರೆಯುತ್ತಿರುವುದು ನಮ್ಮ 'ರಥ'ದ ಥ ಅಲ್ಲ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕು. ಮಡ್ರಿಡ್ ಕಡೆ ಹೀಗೆ. ಮೆಕ್ಸಿಕೋ, ಕೊಲಂಬಿಯ, ಅರ್ಜೆಂಟೀನಾ ಎಲ್ಲ ಕಡೆ ಅದು ಬರೀ 'ಸ', ಹಾಗಾಗಿ 'ಅಸೇರ್'. ಎರಡೂ ಸರಿ.

ಬರೆಯುವಾಗ ಈ ಪದದ ಮೊದಲಿಗೆ ಒಂದು ಹೆಚ್ ಇದೆ, ಬಾಯಲ್ಲಿ ಅದು ಇಲ್ಲ. ಇದರ ಹಿಂದಿನ ಕತೆ ಕನ್ನಡದವರಿಗೆ ತಟ್ಟನೆ ಹಿಡಿಸುತ್ತೆ. ಲ್ಯಾಟಿನ್‌ನಲ್ಲಿ ಇದು 'ಫಾಕೆರೆ'. ಸ್ಪ್ಯಾನಿಶ್ ಹುಟ್ಟಿದ ಕಸ್ತಿಯಾ ಸೀಮೆಯ ಮಾತಿನಲ್ಲಿ ಆ ಫ ನಿಧಾನವಾಗಿ ಹ ಆಯಿತು, ಆಮೇಲೆ ಹ ಕೂಡ ಉದುರಿಹೋಯಿತು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲಾಗಿ, ಹಳೇ ಮೈಸೂರಿನ ಹಳ್ಳಿಗಳಲ್ಲಿ 'ಆಲು' ಆಗಿದೆಯಲ್ಲ, ಹಾಗೆಯೇ. ಪಕ್ಕದ ಪೋರ್ಚುಗೀಸರು ಮಾತ್ರ ಇವತ್ತಿಗೂ ಫ ಉಳಿಸಿಕೊಂಡಿದ್ದಾರೆ. ಈ ಬದಲಾವಣೆಗೆ ನೆರೆಯ ಬಾಸ್ಕ್ ಭಾಷೆ ಕಾರಣ ಅನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ತೃಪ್ತಿಪಡಿಸು ಅನ್ನುವ 'ಸಾತಿಸ್ಫಥೇರ್' ಪುಸ್ತಕದ ದಾರಿಯಲ್ಲಿ ಬಂದ ಪದ, ಅದರೊಳಗೆ ಹಳೆಯ ಫ ಹಾಗೇ ಕೂತಿದೆ. ರೂಪಗಳೆಲ್ಲ ಅಥೇರ್‌ನವೇ.

ಇನ್ನು ಕೆಲಸಕ್ಕೆ ಬರೋಣ. ಬೋರ್ಡ್ ಮೇಲೆ ನಾನು ಬರೆದದ್ದು ನಾಲ್ಕೇ ಬುಡಗಳು: ಆಗ್, ಅಥ್, ಇಥ್, ಅರ್. ಇವುಗಳ ಜೊತೆಗೆ ಒಂಟಿಯಾಗಿ ನಿಲ್ಲುವ ಎರಡು ಪದ, 'ಆಥ್' ಮತ್ತು 'ಏಚೊ'. ಆ ಉದ್ದದ ಪಟ್ಟಿ ಪೂರ್ತಿ ಇಷ್ಟರಿಂದಲೇ ಹುಟ್ಟುತ್ತೆ.

ವರ್ತಮಾನಕಾಲದಲ್ಲಿ ನಾನು ಅನ್ನುವುದಕ್ಕೆ ಮಾತ್ರ 'ಆಗೊ'. ಉಳಿದವರಿಗೆಲ್ಲ ಅಥ್ ಬುಡ: ಆಥೆಸ್, ಆಥೆ, ಅಥೇಮೊಸ್, ಅಥೇಯ್ಸ್, ಆಥೆನ್. ನಾನು, ನೀನು ಅಂತ ಮುಂದೆ ಸೇರಿಸಬೇಕಾಗಿಲ್ಲ. 'ಏನ್ ಮಾಡ್ತಿದ್ದೀಯ' ಅನ್ನುವಾಗ ನಾವು 'ನೀನು' ಬಿಡುವ ಹಾಗೆ ಅವರೂ 'ಕೆ ಆಥೆಸ್' ಅಂತ ಬಿಡುತ್ತಾರೆ. ಇಂಗ್ಲಿಷ್ ಮೂಲಕ ಸ್ಪ್ಯಾನಿಶ್ ಕಲಿಯುವವರು ಪ್ರತಿ ವಾಕ್ಯಕ್ಕೂ 'ಯೋ, ಯೋ', ಅಂದರೆ ನಾನು, ನಾನು, ಅಂತ ಹಚ್ಚುತ್ತಾ ಹೋಗುತ್ತಾರೆ. ಕನ್ನಡದಿಂದ ನೇರವಾಗಿ ಬಂದರೆ ಆ ಚಟ ಅಂಟುವುದೇ ಇಲ್ಲ.

ಮಾಡಿದ, ಮಾಡಿದಳು, ಮಾಡಿತು ಅಂತ ಲಿಂಗ ನೋಡುವ ಗೋಜು ಇಲ್ಲಿಲ್ಲ. ಮೂವರಿಗೂ 'ಈಥೊ' ಒಂದೇ. ಗೌರವ ಕೊಡಬೇಕಾದರೆ 'ಉಸ್ತೇದ್' ಅನ್ನಬೇಕು, ಮತ್ತು ಕ್ರಿಯಾಪದವನ್ನು ಅವನು-ಅವಳಿಗೆ ಹಾಕುವ ರೂಪದಲ್ಲೇ ಹಾಕಬೇಕು. 'ವುಯೇಸ್ತ್ರ ಮೆರ್ಥೇದ್', ಅಂದರೆ ತಮ್ಮ ಕೃಪೆ, ಅನ್ನುವುದು ಸವೆದು ಸವೆದು ಉಸ್ತೇದ್ ಆದದ್ದು. ಎದುರಿಗಿರುವವರನ್ನೇ 'ಸಾಹೇಬರು ಏನು ತಗೋತಾರೆ' ಅಂತ ಕೇಳುವ ನಮ್ಮ ಹಳೆಯ ಮರ್ಯಾದೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭೂತಕಾಲ ಎರಡು. ಕ್ಲಾಸುಗಳಲ್ಲಿ ಇವಕ್ಕೆ ಇಂದೆಫಿನೀದೊ, ಇಂಪೆರ್ಫೆಕ್ತೊ ಅಂತ ಹೆಸರು. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಅಧ್ಯಾಯಗಟ್ಟಲೆ ವಿವರಣೆ ಕೊಡುತ್ತವೆ. ನಮಗೆ ಒಂದೇ ಸಾಲು ಸಾಕು: ಮಾಡಿದೆ ಅಂದರೆ 'ಈಥೆ', ಮಾಡುತ್ತಿದ್ದೆ ಅಂದರೆ 'ಅಥೀಯ'. ಅಜ್ಜಿ ಹಬ್ಬಕ್ಕೆ ಒಬ್ಬಟ್ಟು ಮಾಡುತ್ತಿದ್ದರು, ಇದು ಅಥೀಯ. ಹೋದ ಯುಗಾದಿಗೆ ಅಮ್ಮ ಒಬ್ಬಟ್ಟು ಮಾಡಿದರು, ಇದು ಈಥೊ. ನಿಮ್ಮ ಕಿವಿ ಕನ್ನಡದಲ್ಲಿ ಏನು ಕೇಳುತ್ತದೋ ಅದನ್ನೇ ನಂಬಿ. ಎಲ್ಲೋ ಒಂದೆರಡು ಕಡೆ ಬಿಟ್ಟರೆ ಅದು ಕೈಕೊಡುವುದಿಲ್ಲ.

ಈಥೆ, ಇಥೀಸ್ತೆ, ಈಥೊ, ಇಥೀಮೊಸ್, ಇಥೀಸ್ತೇಯ್ಸ್, ಇಥ್ಯೇರೊನ್. ಪುಸ್ತಕದಲ್ಲಿ ಈಥೊ ಮಾತ್ರ ಝಡ್ ಹಾಕಿ ಬರೆದಿರುವುದನ್ನು ನೋಡಿ ಒಬ್ಬರು ಇದೊಂದು ಬೇರೆ ನಿಯಮವಾ ಅಂತ ಕೇಳಿದರು. ನಿಯಮ ಏನೂ ಇಲ್ಲ. ಸಿ ಅಕ್ಷರ ಆದಮೇಲೆ ಓ ಬಂದರೆ ಆ ಸಿಯನ್ನು ಕ ಅಂತ ಓದಬೇಕಾಗುತ್ತೆ, 'ಈಕೊ' ಆಗಿಬಿಡುತ್ತೆ, ಅದಕ್ಕೆ ಅಕ್ಷರ ಬದಲಿಸಿದ್ದಾರೆ ಅಷ್ಟೇ. ಸುಮ್ನೆ ಕನ್ನಡ ಲಿಪಿಯಲ್ಲಿ ಬರೆದು ನೋಡಿ, ಆ ಸಮಸ್ಯೆ ಮಾಯ.

ಇವತ್ತು ಜಾಸ್ತಿ ಹೊತ್ತು ನಿಂತಿದ್ದು ಮುಂದಿನ ವಿಷಯದ ಮೇಲೆ. ನನಗೆ ತುಂಬಾ ಇಷ್ಟವಾದದ್ದೂ ಇದೇ.

'ಮಾಡಿದರೆ' ಅನ್ನುವ ಪದವನ್ನು ಬಿಡಿಸಿ ನೋಡಿ. ಮಾತು ಮುಂದೆ ಆಗಬಹುದಾದದ್ದರ ಬಗ್ಗೆ, ಆದರೆ ಒಳಗಿರುವುದು 'ಮಾಡಿದ', ಭೂತಕಾಲ. ಬಂದರೆ ಅನ್ನುವುದರಲ್ಲಿ ಬಂದ ಇದೆ, ಕೊಟ್ಟರೆಯಲ್ಲಿ ಕೊಟ್ಟ, ತಂದರೆಯಲ್ಲಿ ತಂದ, ಬಿದ್ದರೆಯಲ್ಲಿ ಬಿದ್ದ. ತರು ಅನ್ನುವುದು ತಂದ ಆಗುವುದು ಒಂದು ವಿಚಿತ್ರ, ಆದರೆ ಆ ವಿಚಿತ್ರ ಒಮ್ಮೆ ಬಂದರೆ 'ತಂದರೆ'ಗೂ ತಾನಾಗಿ ಬರುತ್ತೆ. 'ತರಿದರೆ' ಅನ್ನುವ ಕನ್ನಡದವರು ಹುಡುಕಿದರೂ ಸಿಗುವುದಿಲ್ಲ.

ಸ್ಪ್ಯಾನಿಶ್ ಮಾಡುವುದು ಇದನ್ನೇ. ಅವರು ಮಾಡಿದರು, 'ಇಥ್ಯೇರೊನ್'. ಕೊನೆಯ 'ರೊನ್' ತೆಗೆದು 'ರ' ಹಾಕಿ: 'ಇಥ್ಯೇರ'. ಇದೇ ಭೂತಕಾಲದ ಸಬ್ಜಂಕ್ಟಿವ್, ಅಂದರೆ ನಡೆದದ್ದನ್ನಲ್ಲದೆ ಆಸೆ, ಕಲ್ಪನೆಗಳನ್ನು ಹೇಳುವ ರೂಪ. 'ಸಿ ಲೊ ಇಥ್ಯೇರಸ್', ನೀನು ಅದನ್ನು ಮಾಡಿದರೆ. ಮೊದಲಿಗಿರುವ 'ಸಿ' ಅಂದರೆ ನಮ್ಮ ಮಾಡಿದರೆಯ 'ರೆ'. ಈ ನಿಯಮಕ್ಕೆ ಇಡೀ ಭಾಷೆಯಲ್ಲಿ ಅಪವಾದ ಇಲ್ಲ. ಇದ್ದರು ಅನ್ನುವ 'ಎಸ್ತುಬ್ಯೇರೊನ್' ಆಗಲಿ, ಹೇಳಿದರು ಅನ್ನುವ 'ದಿಹೇರೊನ್' ಆಗಲಿ, ಹೋದರು ಅನ್ನುವ 'ಫುಯೇರೊನ್' ಆಗಲಿ, ಭೂತಕಾಲ ಎಷ್ಟೇ ವಕ್ರವಾಗಿರಲಿ, ಆ ವಕ್ರತೆಯನ್ನು ಹೊತ್ತುಕೊಂಡೇ ಈ ರೂಪ ಬರುತ್ತೆ. ಕ್ಲಾಸಿನಲ್ಲಿ ಇದನ್ನು ಹೇಳಿ ಮುಗಿಸುವುದರೊಳಗೆ ಎ2ಗೆ ಓದುವವರು ತಾವೇ ಐದಾರು ಕ್ರಿಯಾಪದಗಳನ್ನು ಮಾಡಿ ತೋರಿಸಿದರು. ಅವರ ಪರೀಕ್ಷೆಗೆ ಇದು ಬೇಕಾಗಿಯೂ ಇಲ್ಲ.

ರ ಬದಲು 'ಸೆ' ಹಾಕಿ 'ಇಥ್ಯೇಸೆ' ಅಂದರೂ ನಡೆಯುತ್ತೆ. ಲ್ಯಾಟಿನ್‌ನ ಎರಡು ಬೇರೆ ರೂಪಗಳು ಬೆಳೆಯುತ್ತಾ ಒಂದೇ ಕೆಲಸಕ್ಕೆ ಬಂದು ನಿಂತಿವೆ. ಮಾತಿನಲ್ಲಿ ರ ಜಾಸ್ತಿ, ಅಮೆರಿಕ ಖಂಡದಲ್ಲಂತೂ ಬಹುಮಟ್ಟಿಗೆ ರ ಒಂದೇ.

ಆದರೆ ಎರಡು ಕಡೆ ಕನ್ನಡದವರು ಹುಷಾರಾಗಿರಬೇಕು. ಒಂದು, ನಮ್ಮ 'ಮಾಡಿದರೆ' ಆಗುವ ಮಾತಿಗೂ ಸರಿ, ಆಗದ ಮಾತಿಗೂ ಸರಿ. ಅವರಿಗೆ ಅದು ಎರಡು. ನಿಜವಾಗಿ ಮಾಡುವ ಸಾಧ್ಯತೆ ಇದ್ದರೆ 'ಸಿ ಲೊ ಆಥೆಸ್', ಬರೀ ವರ್ತಮಾನ. ಬರೀ ಕಲ್ಪನೆ ಆದರೆ 'ಸಿ ಲೊ ಇಥ್ಯೇರಸ್'. ಈ 'ಸಿ' ಆದಮೇಲೆ 'ಆಗಸ್' ಅಂತೂ ಬರುವುದೇ ಇಲ್ಲ. ಇನ್ನೊಂದು, 'ಟೈಮ್ ಇದ್ದಿದ್ರೆ ಮಾಡ್ತಿದ್ದೆ' ಅನ್ನುವಾಗ ನಾವು ಹಳೆಯ ಅಭ್ಯಾಸಕ್ಕೆ ಬಳಸುವ 'ಮಾಡ್ತಿದ್ದೆ'ಯನ್ನೇ ಬಳಸುತ್ತೇವೆ. ಅವರಿಗೆ ಅಲ್ಲಿ 'ಅರೀಯ' ಬೇಕು: 'ಸಿ ತುಬ್ಯೇರ ತ್ಯೇಂಪೊ, ಲೊ ಅರೀಯ'. ಮಾತಿನಲ್ಲಿ ಅಥೀಯ ಅಂದರೂ ಜನ ಅರ್ಥ ಮಾಡಿಕೊಳ್ಳುತ್ತಾರೆ, ಸಲುಗೆಯ ಮಾತಿನಲ್ಲಿ ಅವರೂ ಹಾಗೆ ಅನ್ನುವುದುಂಟು. ಪರೀಕ್ಷೆಯಲ್ಲಿ ಮಾತ್ರ ಅರೀಯ ಬರೆಯಿರಿ. ಉತ್ತರ ಸ್ಪೇನ್‌ನ ಬಾಸ್ಕ್ ಸೀಮೆ, ಬುರ್ಗೊಸ್ ಕಡೆಯ ಹುಟ್ಟು ಸ್ಪ್ಯಾನಿಶರೇ 'ಸಿ' ಆದಮೇಲೂ ಅರೀಯ ಅನ್ನುವುದನ್ನು ಕೇಳುತ್ತೀರಿ. ಅದು ಆ ಕಡೆಯ ಮಾತಿನ ರೀತಿ, ಬರವಣಿಗೆಯಲ್ಲಿ ಒಪ್ಪುವುದಿಲ್ಲ.

ವರ್ತಮಾನದ ಸಬ್ಜಂಕ್ಟಿವ್‌ಗೆ 'ಆಗೊ'ದ ಬುಡ ಹಿಡಿಯಿರಿ: ಆಗ, ಆಗಸ್, ಆಗ, ಅಗಾಮೊಸ್, ಅಗಾಯ್ಸ್, ಆಗನ್. ಮಾಡಲಿ ಅನ್ನುವ ಜಾಗದಲ್ಲೆಲ್ಲ ಇದನ್ನು ಕೂರಿಸಬಹುದು. ನಾಳೆ ಬಿಸಿಲು ಬರಲಿ, 'ಕೆ ಆಗ ಸೋಲ್ ಮನ್ಯಾನ'. ಚರ್ಚ್‌ಗಳಲ್ಲಿ ದಿನವೂ ಹೇಳುವ ಪ್ರಾರ್ಥನೆಯಲ್ಲಿ 'ಆಗಸೆ ತು ಬೊಲುಂತಾದ್' ಅಂತ ಬರುತ್ತೆ, ನಿನ್ನ ಚಿತ್ತ ನೆರವೇರಲಿ ಅಂತ. ಸ್ಕೂಲಲ್ಲಿ ವಿಧ್ಯರ್ಥ, ಸಂಭಾವನಾರ್ಥ, ನಿಷೇಧಾರ್ಥ ಅಂತ ಓದಿದ್ದೆವಲ್ಲ, ಅವು ನೆನಪಿದ್ದರೆ ಸಬ್ಜಂಕ್ಟಿವ್ ಹೊಸ ಲೋಕ ಅನ್ನಿಸುವುದಿಲ್ಲ. ನಡೆದದ್ದನ್ನು ಹೇಳುವುದು ಒಂದು, ನಡೆಯಲಿ, ನಡೆದೀತು ಅನ್ನುವುದು ಇನ್ನೊಂದು. ಕ್ರಿಯಾಪದದ ಬಾಲದಲ್ಲೇ ಆ ವ್ಯತ್ಯಾಸ ತೋರಿಸುವುದು ನಮಗೆ ರೂಢಿಯೇ ಇದೆ.

ಅಪ್ಪಣೆ ಕೊಡುವಾಗ 'ಆಥ್', ಮಾಡು. ಬೇಡ ಅನ್ನುವಾಗ 'ನೊ ಆಥ್' ಅನ್ನುವಂತಿಲ್ಲ, 'ನೊ ಆಗಸ್' ಅನ್ನಬೇಕು. ಯಾಕೆ ಅಂತ ಪ್ರಶ್ನೆ ಬಂತು. ಕನ್ನಡದಲ್ಲೂ 'ಇಲ್ಲ ಮಾಡು' ಅನ್ನುವುದಿಲ್ಲವಲ್ಲ, 'ಮಾಡಬೇಡ' ಅಂತ ರೂಪವನ್ನೇ ಬದಲಿಸುತ್ತೇವೆ. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ 'ಅಥೇದ್', ಲ್ಯಾಟಿನ್ ಅಮೆರಿಕದಲ್ಲಿ ಗೆಳೆಯರಿಗೂ ದೊಡ್ಡವರಿಗೂ 'ಆಗನ್'. ಅರ್ಜೆಂಟೀನಾದಲ್ಲಿ ನೀನು ಅನ್ನುವುದಕ್ಕೆ 'ಬೋಸ್', ಅಲ್ಲಿ 'ಬೋಸ್ ಅಸೇಸ್', ಅಪ್ಪಣೆಗೆ 'ಅಸೇ'.

ಭವಿಷ್ಯತ್ ಸುಲಭ. ಅರೇ, ಅರಾಸ್, ಅರಾ, ಅರೇಮೊಸ್, ಅರೇಯ್ಸ್, ಅರಾನ್. ಈ ಬಾಲಗಳು ಬೇರೇನಲ್ಲ, 'ಅಬೇರ್' ಅನ್ನುವ ಸಹಾಯಕ ಕ್ರಿಯಾಪದದ ವರ್ತಮಾನ ರೂಪಗಳು: ಏ, ಆಸ್, ಆ. ಮಾಡುವುದಿದೆ ಅನ್ನುವುದು ಕಾಲಕ್ರಮದಲ್ಲಿ ಅಂಟಿಕೊಂಡು ಮಾಡುವೆನು ಆಗಿದೆ. 1492ರಲ್ಲಿ ಸಲಮಾಂಕದಲ್ಲಿ ಕಸ್ತಿಯಾ ಭಾಷೆಯ, ಅಂದರೆ ಸ್ಪ್ಯಾನಿಶ್‌ನ, ವ್ಯಾಕರಣ ಪ್ರಕಟಿಸಿದ ನೆಬ್ರಿಹ ಅನ್ನುವ ವಿದ್ವಾಂಸ ಇದನ್ನು ಆಗಲೇ ಗುರುತಿಸಿದ್ದ.

ಇನ್ನು 'ಏಚೊ', 'ಮಾಡಿದ ಕೆಲಸ' ಅನ್ನುವಾಗಿನ ಮಾಡಿದ. ಲ್ಯಾಟಿನ್‌ನ 'ಫಾಕ್ತುಮ್'. ಅಲ್ಲಿಯ ಕ್ತ ಇಲ್ಲಿ ಚ ಆಗುತ್ತೆ, ರಾತ್ರಿಗೆ ನೋಚೆ, ಹಾಲಿಗೆ ಲೇಚೆ, ಎಂಟಕ್ಕೆ ಓಚೊ, ಎಲ್ಲ ಹಾಗೇ ಬಂದವು. ಏಚೊಗೆ ಮೊದಲು ಅಬೇರ್ ಹಚ್ಚಿದರೆ ನಮ್ಮ 'ಮಾಡಿ' ಆದಮೇಲೆ 'ಇರು' ಹಚ್ಚಿದ ಹಾಗೆ. ಮಾಡಿದ್ದೇನೆ 'ಏ ಏಚೊ', ಮಾಡಿದ್ದೆ 'ಅಬೀಯ ಏಚೊ', ಮಾಡಿರುತ್ತೇನೆ 'ಅಬ್ರೇ ಏಚೊ', ಮಾಡಿರುತ್ತಿದ್ದೆ 'ಅಬ್ರೀಯ ಏಚೊ', ಮಾಡಿದ್ದಿದ್ದರೆ 'ಸಿ ಉಬ್ಯೇರ ಏಚೊ'. ಬೋರ್ಡಿನ ಎಡಗಡೆ ಕನ್ನಡ, ಬಲಗಡೆ ಸ್ಪ್ಯಾನಿಶ್ ಬರೆದಾಗ ಒಂದಕ್ಕೊಂದು ಹೀಗೆ ಕೂಡಿಕೊಳ್ಳುವುದನ್ನು ನೋಡಿ ಎಲ್ಲರೂ ಫೋನ್ ತೆಗೆದು ಫೋಟೋ ಹೊಡೆದುಕೊಂಡರು. ಮಡ್ರಿಡ್‌ನಲ್ಲಿ ಇವತ್ತು ಮಾಡಿದ ಕೆಲಸಕ್ಕೆ 'ಏ ಏಚೊ' ಅಂತಾರೆ, ಮೆಕ್ಸಿಕೋದಲ್ಲಿ ಅದಕ್ಕೂ 'ಈಸೆ'.

ಭವಿಷ್ಯತ್ ಸಬ್ಜಂಕ್ಟಿವ್ ಅಂತ ಇನ್ನೊಂದಿದೆ, 'ಇಥ್ಯೇರೆ'. ಕಾನೂನಿನ ಬರಹ ಮತ್ತು ಗಾದೆ ಬಿಟ್ಟರೆ ಇವತ್ತು ಯಾರೂ ಬಳಸುವುದಿಲ್ಲ. ಕಲಿಯುವುದು ಬೇಡ. ಒಂದು ಗಾದೆ ಮಾತ್ರ ಬರೆಸಿದೆ, 'ದೋಂದೆ ಫುಯೇರೆಸ್, ಆಥ್ ಲೊ ಕೆ ಬ್ಯೇರೆಸ್'. ಎಲ್ಲಿಗೆ ಹೋದರೂ ಅಲ್ಲಿ ಕಂಡದ್ದನ್ನು ಮಾಡು ಅಂತ. ಹೊರಗಿನಿಂದ ಬಂದು ನೆಲೆಸುವವರಿಗೆ ಕೆಲಸಕ್ಕೆ ಬರುವ ಮಾತು, ಜೊತೆಗೆ ನಮ್ಮ 'ಆಥ್' ಕೂಡ ಅದರಲ್ಲಿದೆ.

ಮುಂದಿನ ಶನಿವಾರ 'ದೆಥೀರ್', ಹೇಳು. ಅದಕ್ಕೆ ಮೊದಲು ಹೋಂವರ್ಕ್: ದಿಹೇರೊನ್ (ಹೇಳಿದರು), ಪುಸ್ಯೇರೊನ್ (ಇಟ್ಟರು), ಬಿನ್ಯೇರೊನ್ (ಬಂದರು), ಕಿಸ್ಯೇರೊನ್ (ಬಯಸಿದರು), ಪುದ್ಯೇರೊನ್ (ಅವರಿಂದ ಆಯಿತು). ಐದರಿಂದಲೂ 'ಸಿ' ಹಾಕಿ ಒಂದೊಂದು ವಾಕ್ಯ, ಜೊತೆಗೆ ಅದರ ಕನ್ನಡ. ಓದುತ್ತಿರುವ ನೀವೂ ಬರೆದು ಕಳಿಸಿ, ನಾನು ತಿದ್ದಿ ಕೊಡುತ್ತೇನೆ.